ಮೂರು ಗುರಿ, ಆರು ದಾರಿ, ನೂರು ಪೆಟ್ಟಿಗೆ: ಫಜ್ಜಿ ಗುರಿ ಪ್ರೋಗ್ರಾಮಿಂಗ್‌ನ ಒಂದು ಪ್ರಕರಣ ಅಧ್ಯಯನ

ಗುರಿಗಳು ಹಲವಾಗಿ, ಅವುಗಳ ಅಂಕಿಗಳು ಮಸುಕಾಗಿದ್ದಾಗ ಯೋಜನೆ ಹೂಡುವ ಗಣಿತದ ವಿಧಾನವೇ ಫಜ್ಜಿ ಗುರಿ ಪ್ರೋಗ್ರಾಮಿಂಗ್. ತಂಪಿನಲ್ಲಿಯೇ ಇಡಬೇಕಾದ ಔಷಧಿಗಳನ್ನು ಎರಡು ಗೋದಾಮುಗಳಿಂದ ಮೂರು ವಿತರಣಾ ಕೇಂದ್ರಗಳಿಗೆ ವಾರಕ್ಕೊಮ್ಮೆ ಕಳುಹಿಸುವ ಒಂದು ಸಂಸ್ಥೆಯನ್ನು ಎದುರಿಗಿಟ್ಟುಕೊಳ್ಳೋಣ. ಮೊದಲನೆಯ ಗೋದಾಮಿನಲ್ಲಿ 60 ಪೆಟ್ಟಿಗೆಗಳಿವೆ, ಎರಡನೆಯದರಲ್ಲಿ 40. ಕ ಕೇಂದ್ರಕ್ಕೆ 30, ಖ ಕೇಂದ್ರಕ್ಕೆ 45, ಗ ಕೇಂದ್ರಕ್ಕೆ 25 ಬೇಕು. ಇರುವುದೂ ನೂರು, ಬೇಕಾದದ್ದೂ ನೂರು. ಅಂಕಿಗಳು ಕಲ್ಪಿತ, ಕಾಗದದ ಮೇಲೆ ಯಾರಾದರೂ ತಾಳೆ ನೋಡಬಹುದಾದಷ್ಟು ಚಿಕ್ಕದಾಗಿ ಇಟ್ಟುಕೊಂಡಿದ್ದೇನೆ. ನೂರಾರು ಗೋದಾಮುಗಳ ಜಾಲದಲ್ಲಿ ಎದುರಾಗುವ ಹಲವು ತೊಡಕುಗಳು ಈ ಆರು ದಾರಿಗಳಲ್ಲಿಯೇ ಕಾಣಿಸಿಕೊಳ್ಳುತ್ತವೆ.

ಪ್ರತಿ ದಾರಿಗೂ ಮೂರು ಅಂಕಿಗಳು: ಒಂದು ಪೆಟ್ಟಿಗೆಗೆ ತಗಲುವ ವೆಚ್ಚ, ಹಿಡಿಯುವ ಗಂಟೆ, ಮತ್ತು ದಾರಿಯಲ್ಲಿ ತಂಪು ಕಳೆದುಕೊಂಡು ಕೆಡುವ ಅಪಾಯಕ್ಕೆ ಗುಣಮಟ್ಟ ವಿಭಾಗ ಕೊಟ್ಟಿರುವ ಅಂಕ.

| ದಾರಿ | ವೆಚ್ಚ | ಗಂಟೆ | ಅಪಾಯ |
|---|---|---|---|
| ಮೊದಲನೆಯ ಗೋದಾಮಿನಿಂದ ಕ | 3 | 9 | 2 |
| ಮೊದಲನೆಯ ಗೋದಾಮಿನಿಂದ ಖ | 8 | 4 | 3 |
| ಮೊದಲನೆಯ ಗೋದಾಮಿನಿಂದ ಗ | 6 | 7 | 1 |
| ಎರಡನೆಯ ಗೋದಾಮಿನಿಂದ ಕ | 7 | 5 | 1 |
| ಎರಡನೆಯ ಗೋದಾಮಿನಿಂದ ಖ | 5 | 8 | 2 |
| ಎರಡನೆಯ ಗೋದಾಮಿನಿಂದ ಗ | 6 | 6 | 4 |

ಆರು ದಾರಿಗಳಿದ್ದರೂ ಸ್ವತಂತ್ರವಾಗಿ ನಿರ್ಧರಿಸಬೇಕಾದದ್ದು ಎರಡೇ ಸಂಖ್ಯೆ. ಮೊದಲನೆಯ ಗೋದಾಮಿನಿಂದ ಕ ಕೇಂದ್ರಕ್ಕೆ ಹೋಗುವ ಪೆಟ್ಟಿಗೆಗಳನ್ನು ಅ ಎಂದೂ, ಖ ಕೇಂದ್ರಕ್ಕೆ ಹೋಗುವುದನ್ನು ಬ ಎಂದೂ ಕರೆದರೆ ಉಳಿದ ನಾಲ್ಕು ತಾವಾಗಿ ನಿಲ್ಲುತ್ತವೆ. ಆಗ ಒಟ್ಟು ವೆಚ್ಚ 585 − 4ಅ + 3ಬ, ಒಟ್ಟು ಸಮಯ 720 + 3ಅ − 5ಬ ಪೆಟ್ಟಿಗೆ-ಗಂಟೆ (ಪ್ರತಿ ಪೆಟ್ಟಿಗೆ ದಾರಿಯಲ್ಲಿ ಕಳೆಯುವ ಗಂಟೆಗಳ ಮೊತ್ತ), ಒಟ್ಟು ಅಪಾಯ 40 + 4ಅ + 4ಬ. ನಿರ್ಬಂಧಗಳು: ಅ 30ನ್ನು ಮೀರಬಾರದು, ಬ 45ನ್ನು ಮೀರಬಾರದು, ಎರಡರ ಮೊತ್ತ 35ರಿಂದ 60ರೊಳಗೆ ಇರಬೇಕು.

ಈ ಮೂರು ಸಾಲುಗಳನ್ನು ನೋಡಿದರೆ ಜಗಳ ಎಲ್ಲಿದೆ ಎಂದು ತಿಳಿಯುತ್ತದೆ. ವೆಚ್ಚಕ್ಕೆ ಅ ಹೆಚ್ಚಬೇಕು, ಬ ಇಳಿಯಬೇಕು. ಸಮಯಕ್ಕೆ ಇದರ ನೇರ ವಿರುದ್ಧ. ಅಪಾಯಕ್ಕೆ ಎರಡೂ ಇಳಿಯಬೇಕು. ಎತ್ತು ಏರಿಗೆಳೆಯಿತು, ಕೋಣ ನೀರಿಗೆಳೆಯಿತು ಎಂಬ ಸ್ಥಿತಿ.

ಒಂದೇ ಗುರಿ ಹಿಡಿದರೆ ಏನಾಗುತ್ತದೆ

ವೆಚ್ಚವೊಂದನ್ನೇ ಕಡಿಮೆ ಮಾಡಿದರೆ ಅ 30, ಬ 5. ವೆಚ್ಚ 480ಕ್ಕೆ ಇಳಿಯುತ್ತದೆ, ಅಪಾಯವೂ 180ರಲ್ಲಿ ತನ್ನ ಕನಿಷ್ಠದಲ್ಲಿದೆ, ಆದರೆ ಸಮಯ 785ಕ್ಕೆ ಏರುತ್ತದೆ. ಎಂದರೆ ಪೆಟ್ಟಿಗೆಯೊಂದು ಸರಾಸರಿ ಎಂಟು ಗಂಟೆಯ ಹತ್ತಿರ ದಾರಿಯಲ್ಲಿರುತ್ತದೆ. ಸಮಯವೊಂದನ್ನೇ ನೋಡಿದರೆ ಅ ಸೊನ್ನೆ, ಬ 45. ಸಮಯ 495, ವೆಚ್ಚ 720, ಅಪಾಯ 220.

ಇಂಥ ಒಂಟಿ ಗುರಿಯ ಸಾಗಣೆ ಸಮಸ್ಯೆಗೆ ಹಳೆಯ ಇತಿಹಾಸವಿದೆ. ಫ್ರಾಂಕ್ ಹಿಚ್‌ಕಾಕ್ 1941ರಲ್ಲಿ ಇದನ್ನು ಬಿಡಿಸಿಟ್ಟರು. ಕಾಂಟೊರೊವಿಚ್ ಮತ್ತು ಕೂಪ್‌ಮನ್ಸ್ ಬೇರೆ ಬೇರೆ ದೇಶಗಳಲ್ಲಿ ಇದೇ ಬಗೆಯ ಪ್ರಶ್ನೆಗಳನ್ನು ಕೈಗೆತ್ತಿಕೊಂಡಿದ್ದರು, 1975ರ ಅರ್ಥಶಾಸ್ತ್ರದ ನೊಬೆಲ್ ಸ್ಮಾರಕ ಪ್ರಶಸ್ತಿಯನ್ನು ಇಬ್ಬರೂ ಹಂಚಿಕೊಂಡರು. ಗುರಿ ಹಲವಾದಾಗ ಏನು ಮಾಡಬೇಕೆಂಬುದಕ್ಕೆ ಚಾರ್ನ್ಸ್ ಮತ್ತು ಕೂಪರ್ 1950 ಮತ್ತು 60ರ ದಶಕಗಳಲ್ಲಿ ಗುರಿ ಪ್ರೋಗ್ರಾಮಿಂಗ್ ಎಂಬ ದಾರಿ ತೋರಿಸಿದರು: ಪ್ರತಿ ಗುರಿಗೂ ಒಂದು ಅಂಕಿ ನಿಗದಿ ಮಾಡಿ, ಅದರಿಂದ ಆಗುವ ವಿಚಲನೆಯನ್ನು ಕಡಿಮೆ ಮಾಡಿ. ತೊಂದರೆ ಎಂದರೆ ಆ ನಿಗದಿತ ಅಂಕಿಯನ್ನು ಯಾರೂ ನಂಬಿಕೆಯಿಂದ ಹೇಳುವುದಿಲ್ಲ. ಹಣಕಾಸು ವಿಭಾಗದವರನ್ನು ಕೇಳಿ, “520ರ ಆಸುಪಾಸಿನಲ್ಲಿದ್ದರೆ ಚೆನ್ನ, ಹೆಚ್ಚಾದರೂ ನೋಡೋಣ, ಆದರೆ 670 ದಾಟಿದರೆ ಸಾಧ್ಯವೇ ಇಲ್ಲ” ಎನ್ನುತ್ತಾರೆ. ಆ ‘ಆಸುಪಾಸು’, ಆ ‘ನೋಡೋಣ’ ಎರಡೂ ಮಾಹಿತಿಯೇ. ಅವನ್ನು ಎಸೆದು 520 ಎಂದು ಬರೆದುಕೊಂಡರೆ ಹೇಳಿದ್ದರ ಅರ್ಧವನ್ನು ಕಳೆದುಕೊಂಡಂತೆ.

ಲತ್ಫಿ ಜಾದೆ 1965ರಲ್ಲಿ ಕೊಟ್ಟ ಫಜ್ಜಿ ಗಣದ (ಗಡಿ ಮಸುಕಾಗಿರುವ ಗುಂಪಿನ) ಕಲ್ಪನೆ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಗುರಿ ಈಡೇರಿತೋ ಇಲ್ಲವೋ ಎಂದು ಕೇಳುವ ಬದಲು ಎಷ್ಟರಮಟ್ಟಿಗೆ ಈಡೇರಿತು ಎಂದು ಕೇಳಿ, ಸೊನ್ನೆಯಿಂದ ಒಂದರವರೆಗೆ ಒಂದು ತೃಪ್ತಿಯ ಮಟ್ಟವನ್ನು ಕೊಡುವುದು. ಬೆಲ್‌ಮನ್ ಮತ್ತು ಜಾದೆ 1970ರಲ್ಲಿ ಇದನ್ನು ನಿರ್ಧಾರಗಳಿಗೆ ಅನ್ವಯಿಸಿದರು, ಜಿಮ್ಮರ್‌ಮನ್ 1978ರಲ್ಲಿ ಹಲವು ಗುರಿಗಳ ರೇಖೀಯ ಪ್ರೋಗ್ರಾಮಿಂಗ್‌ಗೆ (ಗುರಿ, ನಿರ್ಬಂಧಗಳೆಲ್ಲ ನೇರ ಗೆರೆಯ ಸಮೀಕರಣಗಳಾಗಿರುವ ಲೆಕ್ಕಕ್ಕೆ) ತಂದರು, ನರಸಿಂಹನ್ 1980ರಲ್ಲಿ ಗುರಿ ಪ್ರೋಗ್ರಾಮಿಂಗ್‌ನೊಂದಿಗೆ ಬೆಸೆದರು.

ಮಾತನ್ನು ಅಂಕಿಗೆ ಇಳಿಸುವುದು

ನಮ್ಮ ಪ್ರಕರಣದಲ್ಲಿ ಹಣಕಾಸಿನವರ ಮಾತು ಮೇಲೆ ಹೇಳಿದಂತಿದೆ. ಸಾಗಣೆ ವಿಭಾಗದವರಿಗೆ 550 ಪೆಟ್ಟಿಗೆ-ಗಂಟೆ ಬೇಕು, 710ರವರೆಗೆ ತಡೆದುಕೊಳ್ಳುತ್ತಾರೆ. ಗುಣಮಟ್ಟದವರಿಗೆ ಅಪಾಯ 210ರಲ್ಲಿರಬೇಕು, 270 ಮೀರಬಾರದು. ಬಯಸಿದ ಅಂಕಿಯಲ್ಲಿ ತೃಪ್ತಿ ಒಂದು, ತಡೆಯುವ ಮಿತಿಯಲ್ಲಿ ಸೊನ್ನೆ, ನಡುವೆ ನೇರ ಗೆರೆ. ಆದ್ದರಿಂದ ವೆಚ್ಚದ ತೃಪ್ತಿ (670 − ವೆಚ್ಚ) ÷ 150, ಸಮಯದ್ದು (710 − ಸಮಯ) ÷ 160, ಅಪಾಯದ್ದು (270 − ಅಪಾಯ) ÷ 60.

ಇನ್ನು ಗುರಿ ಪ್ರೋಗ್ರಾಮಿಂಗ್‌ನ ರೂಪ: ಪ್ರತಿ ಗುರಿಗೂ ತೃಪ್ತಿ + ಕೊರತೆ − ಹೆಚ್ಚಳ = 1 ಎಂದು ಬರೆದುಕೊಳ್ಳಬೇಕು. ಕೊರತೆಯನ್ನು ಕಡಿಮೆ ಮಾಡುವುದು ಕೆಲಸ. ಹೆಚ್ಚಳಕ್ಕೆ ಬಹುಮಾನವೂ ಇಲ್ಲ, ದಂಡವೂ ಇಲ್ಲ. ಇಲ್ಲಿಯವರೆಗೆ ಯಾರಿಗೂ ತಕರಾರಿಲ್ಲ. ಮೂರು ಕೊರತೆಗಳನ್ನು ಒಟ್ಟಿಗೆ ಹೇಗೆ ನೋಡುವುದು ಎಂಬಲ್ಲಿ ದಾರಿ ಕವಲೊಡೆಯುತ್ತದೆ. ಈ ಕವಲನ್ನು ಬಹಳಷ್ಟು ವರದಿಗಳು ಒಂದು ಸಾಲಿನಲ್ಲಿ ದಾಟಿಬಿಡುತ್ತವೆ. ನನ್ನ ಮಟ್ಟಿಗೆ ಇಡೀ ವಿಷಯದ ಜೀವ ಇರುವುದೇ ಅಲ್ಲಿ.

ಮೊದಲ ಕವಲು: ಅತಿ ಕಡಿಮೆ ತೃಪ್ತಿ ಪಡೆದ ಗುರಿಯನ್ನು ಆದಷ್ಟು ಮೇಲೆತ್ತುವುದು. ಇದು ಜಿಮ್ಮರ್‌ಮನ್ ದಾರಿ. ಲೆಕ್ಕ ಮಾಡಿದರೆ ಅ 20, ಬ 30 ಬರುತ್ತದೆ. ವೆಚ್ಚ 595, ಸಮಯ 630, ಅಪಾಯ 240. ಮೂರರ ತೃಪ್ತಿಯೂ ಕರಾರುವಾಕ್ಕಾಗಿ 0.5. ಯಾವ ಒಂದನ್ನು ಮೇಲೆತ್ತಲು ಹೋದರೂ ಇನ್ನೊಂದು ಇಳಿಯುತ್ತದೆ, ಆದ್ದರಿಂದ ಈ ಉತ್ತರ ಒಂದೇ. ಸಭೆಯಲ್ಲಿ ಮಂಡಿಸಲು ಇದಕ್ಕಿಂತ ಸುಲಭವಾದದ್ದು ಇಲ್ಲ: ಮೂವರಿಗೂ ಸಮಪಾಲು.

ಎರಡನೆಯ ಕವಲು: ಮೂರು ತೃಪ್ತಿಗಳ ಮೊತ್ತವನ್ನು ಗರಿಷ್ಠಗೊಳಿಸುವುದು. ತಿವಾರಿ, ಧರ್ಮರ್ ಮತ್ತು ರಾವ್ 1987ರಲ್ಲಿ ಮುಂದಿಟ್ಟ ಮಾದರಿ. ಇದರ ಉತ್ತರ ಅ 6.07, ಬ 36.43. ಪೆಟ್ಟಿಗೆಯನ್ನು ಕತ್ತರಿಸಲು ಬರುವುದಿಲ್ಲವಾದ್ದರಿಂದ ಪೂರ್ಣಾಂಕದ ನಿರ್ಬಂಧ ಸೇರಿಸಿದರೆ ಅ 6, ಬ 36. (ಪೂರೈಕೆ, ಬೇಡಿಕೆ ಪೂರ್ಣಾಂಕಗಳಾಗಿದ್ದರೆ ಸಾಗಣೆ ಸಮಸ್ಯೆಗೆ ಪೂರ್ಣಾಂಕದ ಉತ್ತರ ತಾನಾಗಿ ಸಿಗುತ್ತದೆ ಎಂದು ಪಾಠದಲ್ಲಿ ಓದಿದವರು ಗಮನಿಸಬೇಕು: ಗುರಿಗಳ ಸಾಲುಗಳನ್ನು ಸೇರಿಸಿದ ಕ್ಷಣ ಆ ಭರವಸೆ ಹೋಗುತ್ತದೆ.) ಆಗ ವೆಚ್ಚ 669, ಸಮಯ 558, ಅಪಾಯ 208. ತೃಪ್ತಿಗಳು ಕ್ರಮವಾಗಿ 0.01, 0.95, 1. ಮೊತ್ತ 1.96, ಸಮಪಾಲಿನ ಯೋಜನೆಯಲ್ಲಿ ಇದ್ದದ್ದು 1.5 ಮಾತ್ರ.

ಮೊತ್ತದ ಲೆಕ್ಕದಲ್ಲಿ ಇದು ಉತ್ತಮ. ಹಣಕಾಸಿನವರ ಕಣ್ಣಿಗೆ ಇದು ಅವರ ಮಾತನ್ನು ಕೇಳಿಯೇ ಇಲ್ಲದ ಯೋಜನೆ. ಒಪ್ಪುವುದೇ ಇಲ್ಲ ಎಂದ 670ಕ್ಕಿಂತ ಒಂದೇ ಒಂದು ಘಟಕ ಕಡಿಮೆ.

ಇಪ್ಪತ್ತು ಘಟಕಗಳ ಸಡಿಲಿಕೆ

ಈಗ ಒಂದು ಸಣ್ಣ ಬದಲಾವಣೆ ಮಾಡಿ ನೋಡೋಣ. ಹಣಕಾಸಿನವರು ಸ್ವಲ್ಪ ಉದಾರವಾಗಿ, “520 ಬೇಡ, 540 ಆದರೂ ಪೂರ್ಣ ತೃಪ್ತಿ” ಎಂದರು. ಮೇಲಿನ ಮಿತಿ 670 ಹಾಗೆಯೇ ಇದೆ. ಗುರಿಯನ್ನು ಸಡಿಲಿಸಿದರೆ ವೆಚ್ಚ ಏರಬೇಕು, ಕನಿಷ್ಠ ಇಳಿಯಬಾರದು ಎಂದು ಯಾರಾದರೂ ನಿರೀಕ್ಷಿಸುತ್ತಾರೆ.

ಮೊತ್ತದ ಮಾದರಿಯಲ್ಲಿ ಹೊಸ ಉತ್ತರ ಅ 24, ಬ 18. ವೆಚ್ಚ 669ರಿಂದ 543ಕ್ಕೆ ಕುಸಿಯುತ್ತದೆ. ಸಮಯ 558ರಿಂದ 702ಕ್ಕೆ ಜಿಗಿದು ಅದರ ತೃಪ್ತಿ 0.05ಕ್ಕೆ ಬೀಳುತ್ತದೆ. ಉದಾರತೆ ತೋರಿಸಿದವರಿಗೆ ಲಾಭ. ಸುಮ್ಮನೆ ಕುಳಿತಿದ್ದ ಸಾಗಣೆ ವಿಭಾಗಕ್ಕೆ ನಷ್ಟ.

ಕಾರಣ ಗೆರೆಯ ಇಳಿಜಾರಿನಲ್ಲಿದೆ. ಅಪಾಯದ ಗುರಿ ಈಡೇರಿದ ಮೇಲೆ ಅ ಮತ್ತು ಬಗಳ ಮೊತ್ತ 42ರಲ್ಲಿ ನಿಲ್ಲುತ್ತದೆ. ಉಳಿಯುವುದು ಒಂದನ್ನು ಏರಿಸಿ ಇನ್ನೊಂದನ್ನು ಇಳಿಸುವ ಆಟ. ಅ ಒಂದು ಏರಿ ಬ ಒಂದು ಇಳಿದಾಗ ವೆಚ್ಚ 7 ಕಡಿಮೆಯಾಗುತ್ತದೆ, ಸಮಯ 8 ಹೆಚ್ಚುತ್ತದೆ. ತೃಪ್ತಿಯ ಭಾಷೆಯಲ್ಲಿ 7 ÷ 150 = 0.047 ಲಾಭ, 8 ÷ 160 = 0.05 ನಷ್ಟ. ಕೂದಲೆಳೆಯ ವ್ಯತ್ಯಾಸ, ಆದರೆ ಮೊತ್ತದ ಮಾದರಿಗೆ ಅಷ್ಟು ಸಾಕು, ಸಮಯದ ಕಡೆಗೆ ಕೊನೆಯವರೆಗೂ ಓಡುತ್ತದೆ. ಗುರಿ 540 ಆದಾಗ ವೆಚ್ಚದ ಗೆರೆಯ ಅಗಲ 130ಕ್ಕೆ ಕುಗ್ಗಿ, ಲಾಭ 7 ÷ 130 = 0.054 ಆಯಿತು. ತಕ್ಕಡಿ ವಾಲಿತು, ಯೋಜನೆ ಇನ್ನೊಂದು ತುದಿಗೆ ಓಡಿತು.

ಅಂದರೆ ಈ ಮಾದರಿಯಲ್ಲಿ ಗುರಿ ಮತ್ತು ಮಿತಿಗಳ ನಡುವಿನ ಅಂತರವೇ ಗುಟ್ಟಾಗಿ ತೂಕದ ಕೆಲಸ ಮಾಡುತ್ತಿದೆ. ಅಂತರ ಕಿರಿದಾದಷ್ಟೂ ಆ ಗುರಿಯ ದನಿ ದೊಡ್ಡದು. “ಎಲ್ಲ ಗುರಿಗಳಿಗೂ ಸಮಾನ ತೂಕ ಕೊಟ್ಟಿದ್ದೇವೆ” ಎಂದು ವರದಿಯಲ್ಲಿ ಬರೆಯುವವರು ಈ ಅಂತರಗಳನ್ನು ಪಕ್ಕದಲ್ಲಿ ಬರೆಯದಿದ್ದರೆ ಆ ವಾಕ್ಯಕ್ಕೆ ಬೆಲೆಯಿಲ್ಲ.

ಇದೇ ಸಡಿಲಿಕೆಗೆ ಮೊದಲ ಮಾದರಿ ಹೇಗೆ ನಡೆದುಕೊಳ್ಳುತ್ತದೆ? ಅ 20ರಿಂದ ಸುಮಾರು 19ಕ್ಕೆ, ಬ 30ರಿಂದ ಸುಮಾರು 30.5ಕ್ಕೆ ಸರಿಯುತ್ತವೆ, ಮೂವರ ತೃಪ್ತಿಯೂ 0.5ರಿಂದ 0.53ಕ್ಕೆ ಏರುತ್ತದೆ. ಸ್ಥಿರತೆಯಲ್ಲಿ ಇದಕ್ಕೆ ಸಾಟಿಯಿಲ್ಲ. ಹಾಗಾದರೆ ಸಮಪಾಲಿನ ಯೋಜನೆಯನ್ನೇ ಒಪ್ಪಿಬಿಡಬಹುದಲ್ಲ ಎನಿಸುತ್ತದೆ. ಆದರೆ ಅದಕ್ಕೂ ಒಂದು ಕುರುಡುತನವಿದೆ.

ಸಮಪಾಲಿನ ಬೆಲೆ

ಅ 16, ಬ 26 ಎಂಬ ಯೋಜನೆಯನ್ನು ನೋಡಿ. ವೆಚ್ಚ 599, ಸಮಯ 638, ಅಪಾಯ 208. ಸಮಪಾಲಿನ ಯೋಜನೆಗೆ ಹೋಲಿಸಿದರೆ ವೆಚ್ಚ 4 ಹೆಚ್ಚು, ಸಮಯ 8 ಹೆಚ್ಚು; ಅಪಾಯ 32 ಕಡಿಮೆ. ನೆಲದ ಮೇಲೆ ಇದರ ಅರ್ಥ ಸರಳ: ಎರಡನೆಯ ಗೋದಾಮಿನಿಂದ ಗ ಕೇಂದ್ರಕ್ಕೆ ಹೋಗುವ, ಅಪಾಯದ ಅಂಕ 4 ಇರುವ ಆ ಕೆಟ್ಟ ದಾರಿಯಲ್ಲಿ ಪೆಟ್ಟಿಗೆಗಳು 15ರಿಂದ 7ಕ್ಕೆ ಇಳಿದವು, ಆ ಎಂಟನ್ನು ಮೊದಲನೆಯ ಗೋದಾಮು ಅಂಕ 1ರ ದಾರಿಯಲ್ಲಿ ಕಳುಹಿಸುತ್ತದೆ.

| ಯೋಜನೆ | ಅ, ಬ | ವೆಚ್ಚ | ಸಮಯ | ಅಪಾಯ | ತೃಪ್ತಿಗಳು |
|---|---|---|---|---|---|
| ಕನಿಷ್ಠವನ್ನು ಎತ್ತುವುದು | 20, 30 | 595 | 630 | 240 | 0.50, 0.50, 0.50 |
| ಮೊತ್ತವನ್ನು ಎತ್ತುವುದು | 6, 36 | 669 | 558 | 208 | 0.01, 0.95, 1 |
| ಎರಡು ಹಂತ | 16, 26 | 599 | 638 | 208 | 0.47, 0.45, 1 |

ಔಷಧಿ ಕೆಡುವ ಅಪಾಯದಲ್ಲಿ ಪೂರ್ಣ ತೃಪ್ತಿ ಸಿಗುತ್ತಿರುವಾಗ, ಅದಕ್ಕೆ ಬೇಕಾದದ್ದು ವೆಚ್ಚದಲ್ಲಿ 4 ಘಟಕ ಮತ್ತು ಪೆಟ್ಟಿಗೆಗೆ ಐದು ನಿಮಿಷಕ್ಕಿಂತ ಕಡಿಮೆ ಸಮಯ ಎಂದಾದರೆ, ಯಾವ ಮುಖ್ಯಸ್ಥರೂ ಬೇಡ ಎನ್ನುವುದಿಲ್ಲ. ಆದರೆ ಕನಿಷ್ಠವನ್ನು ಎತ್ತುವ ಮಾದರಿಗೆ ಇದು ಕಾಣಿಸುವುದೇ ಇಲ್ಲ. ಅದು ನೋಡುವುದು ಅತ್ಯಂತ ಕೆಳಗಿರುವ ತೃಪ್ತಿಯನ್ನು ಮಾತ್ರ, ಅದು 0.5ರಿಂದ 0.45ಕ್ಕೆ ಇಳಿಯಿತು ಎಂಬಷ್ಟೇ ಕಾರಣಕ್ಕೆ ಈ ಯೋಜನೆಯನ್ನು ಕೀಳೆಂದು ತಳ್ಳಿಹಾಕುತ್ತದೆ.

ಈ ಮೂರನೆಯ ಯೋಜನೆಯನ್ನು ನಾನು ಕಣ್ಣಂದಾಜಿನಲ್ಲಿ ಆರಿಸಿದ್ದಲ್ಲ. ಮೊದಲ ಹಂತದಲ್ಲಿ ಕನಿಷ್ಠ ತೃಪ್ತಿಯನ್ನು ಗರಿಷ್ಠಗೊಳಿಸಿದರೆ 0.5 ಸಿಗುತ್ತದೆ. ಎರಡನೆಯ ಹಂತದಲ್ಲಿ ಅದರಿಂದ ಸ್ವಲ್ಪ ಬಿಟ್ಟುಕೊಟ್ಟು, ಯಾವ ಗುರಿಯೂ 0.45ಕ್ಕಿಂತ ಕೆಳಗೆ ಬೀಳಬಾರದು ಎಂಬ ನಿರ್ಬಂಧ ಹಾಕಿ, ಆಮೇಲೆ ಮೊತ್ತವನ್ನು ಗರಿಷ್ಠಗೊಳಿಸಬೇಕು. ಪೂರ್ಣಾಂಕಗಳಲ್ಲಿ ಉತ್ತರ ಅ 16, ಬ 26. ಬಿಟ್ಟುಕೊಡುವುದು ಮುಖ್ಯ: 0.5ನ್ನೇ ನೆಲವಾಗಿ ಹಿಡಿದರೆ ಮೊದಲ ಉತ್ತರ ಒಂದೇ ಆಗಿರುವುದರಿಂದ ಎರಡನೆಯ ಹಂತಕ್ಕೆ ಮಾಡಲು ಕೆಲಸವೇ ಇರುವುದಿಲ್ಲ. ಎಷ್ಟು ಬಿಡಬೇಕೆಂಬುದನ್ನು ಗಣಿತ ಹೇಳುವುದಿಲ್ಲ. 0.5, 0.45, 0.4 ಹೀಗೆ ನೆಲವನ್ನು ಇಳಿಸುತ್ತಾ ಹೋಗಿ, ಪ್ರತಿ ಬಾರಿಯೂ ಮೊತ್ತ ಎಷ್ಟು ಏರಿತು ಎಂಬುದನ್ನು ಮೂವರ ಮುಂದೆ ಇಡುವುದೇ ಸರಿಯಾದ ಕ್ರಮ. ಈ ಪ್ರಕರಣದಲ್ಲಿ ಮೊದಲ ಮೆಟ್ಟಿಲಿನಲ್ಲೇ ಮೊತ್ತ 1.5ರಿಂದ 1.92ಕ್ಕೆ ಹಾರುತ್ತದೆ, ಅದಕ್ಕೂ ಕೆಳಗೆ ನೆಲವನ್ನು ಪೂರ್ತಿ ತೆಗೆದುಹಾಕಿದರೂ ಸಿಗುವುದು 1.96 ಅಷ್ಟೇ. ಹಾಗಾಗಿ ನಿಲ್ಲಬೇಕಾದ ಜಾಗ ಯಾವುದೆಂದು ಇಲ್ಲಿ ವಾದವೇ ಏಳುವುದಿಲ್ಲ. ಎಲ್ಲ ಪ್ರಕರಣಗಳಲ್ಲೂ ಹೀಗೆ ಸ್ಪಷ್ಟವಾಗಿರುತ್ತದೆ ಎಂದು ಭಾವಿಸಬೇಡಿ.

ಮಿತಿಗಳನ್ನು ಯಂತ್ರಕ್ಕೆ ಬಿಟ್ಟರೆ

ಮುಖ್ಯಸ್ಥರನ್ನು ಕೇಳುವ ತಾಪತ್ರಯ ಬೇಡವೆಂದು, ಪ್ರತಿ ಗುರಿಯನ್ನೂ ಒಂಟಿಯಾಗಿ ಬಿಡಿಸಿ, ಬಂದ ಅಂಕಿಗಳಲ್ಲಿ ಅತ್ಯುತ್ತಮವನ್ನು ಗುರಿಯೆಂದೂ ಅತ್ಯಂತ ಕೆಟ್ಟದ್ದನ್ನು ಮಿತಿಯೆಂದೂ ತೆಗೆದುಕೊಳ್ಳುವ ವಾಡಿಕೆಯಿದೆ. ಇಲ್ಲಿ ಹಾಗೆ ಮಾಡಿದರೆ ಅಪಾಯದ ಅಂಕಿಗಳು 180 ಮತ್ತು 220. ಕೆಟ್ಟದ್ದು 220 ಎಂದು ಈ ಲೆಕ್ಕ ಹೇಳುತ್ತದೆ. ಆದರೆ ಅ 30, ಬ 30 ಎಂಬ ಯೋಜನೆಯಲ್ಲಿ ವೆಚ್ಚ 555, ಸಮಯ 660, ಅಪಾಯ 280. ವೆಚ್ಚ ಮತ್ತು ಸಮಯ ಎರಡರಲ್ಲೂ ಇದನ್ನು ಒಟ್ಟಿಗೆ ಮೀರಿಸುವ ಯೋಜನೆಯಿಲ್ಲ. ಅಂದರೆ ಇದು ಲೆಕ್ಕಕ್ಕೆ ತೆಗೆದುಕೊಳ್ಳಲೇಬೇಕಾದ ಯೋಜನೆ. ಆ 220ನ್ನು ಮಿತಿಯಾಗಿಟ್ಟರೆ ಇದೂ ಹೋಗುತ್ತದೆ, ಯಾರೂ ಬೇಡವೆನ್ನದ ಅ 20, ಬ 30ರ ಯೋಜನೆಯೂ ಹೋಗುತ್ತದೆ. ಗುರಿಗಳು ಎರಡೇ ಇದ್ದಾಗ ಈ ತೊಂದರೆ ಬಾರದಂತೆ ನೋಡಿಕೊಳ್ಳುವುದು ಸುಲಭ. ಮೂರಾದ ಕೂಡಲೇ ಎಚ್ಚರ ಬೇಕು.

ಪೂರೈಕೆ ಕುಸಿದ ವಾರ

ಒಂದು ವಾರ ಎರಡನೆಯ ಗೋದಾಮಿಗೆ 34 ಪೆಟ್ಟಿಗೆ ಮಾತ್ರ ಬಂದವು ಎಂದುಕೊಳ್ಳೋಣ. ಆರು ಕಡಿಮೆ. ಈಗ ಬೇಡಿಕೆಯೂ ಫಜ್ಜಿ ಗುರಿಯಾಗಬೇಕು. ಎಷ್ಟು ಕಡಿಮೆಯಾದರೆ ತಡೆದುಕೊಳ್ಳುತ್ತೀರಿ ಎಂದು ಕೇಳಿದಾಗ ಕ ಕೇಂದ್ರ 4 ಎಂದಿತು, ಖ 6 ಎಂದಿತು, ಗ 2 ಎಂದಿತು. ಕನಿಷ್ಠವನ್ನು ಎತ್ತುವ ಮಾದರಿ ಕೊರತೆಯನ್ನು 2, 3, 1 ಎಂದು ಹಂಚುತ್ತದೆ. ಮೂವರಿಗೂ ತೃಪ್ತಿ 0.5. ಮೊತ್ತದ ಮಾದರಿ ಆರನ್ನೂ ಖ ಕೇಂದ್ರದ ತಲೆಗೆ ಕಟ್ಟುತ್ತದೆ: ತೃಪ್ತಿಗಳು 1, 0, 1, ಮೊತ್ತ 2. ಹೆಚ್ಚು ತಡೆದುಕೊಳ್ಳುತ್ತೇನೆ ಎಂದು ಪ್ರಾಮಾಣಿಕವಾಗಿ ಹೇಳಿದ ಕೇಂದ್ರವೇ ಎಲ್ಲವನ್ನೂ ತಡೆದುಕೊಳ್ಳಬೇಕಾಗಿ ಬಂತು. ಮುಂದಿನ ವಾರ ಖ ಕೇಂದ್ರ ಏನು ಹೇಳಬಹುದು ಎಂದು ಊಹಿಸುವುದು ಕಷ್ಟವಲ್ಲ: “ಒಂದು ಪೆಟ್ಟಿಗೆಯೂ ಕಡಿಮೆಯಾಗಬಾರದು.” ಮೊದಲ ಮಾದರಿಯಲ್ಲೂ ಹೆಚ್ಚು ಹೇಳಿದವರಿಗೆ ಹೆಚ್ಚು ಕೊರತೆ ಬೀಳುತ್ತದೆ, ಆದರೆ ಹೇಳಿದ್ದರ ಅನುಪಾತದಲ್ಲಿ. ತಡೆಯುವ ಮಿತಿಯನ್ನು ಕೇಂದ್ರಗಳ ಬಾಯಿಮಾತಿನಿಂದ ತೆಗೆದುಕೊಳ್ಳುವ ಬದಲು ಅವುಗಳಲ್ಲಿರುವ ದಾಸ್ತಾನು ಮತ್ತು ದಿನದ ಬಳಕೆಯಿಂದ ಲೆಕ್ಕ ಹಾಕುವುದು ಒಳ್ಳೆಯದು ಎಂಬ ನನ್ನ ಅಭಿಪ್ರಾಯಕ್ಕೆ ಇದೇ ಕಾರಣ.

ಹಂಚಿಕೆ 28, 42, 24 ಎಂದಾದ ಮೇಲೆ ದಾರಿಗಳನ್ನು ಮತ್ತೆ ಬಿಡಿಸಬೇಕು (ಪೂರೈಕೆ, ಬೇಡಿಕೆ ಬದಲಾದ್ದರಿಂದ ಮೇಲಿನ ಮೂರು ಸಾಲುಗಳ 585, 720, 40 ಎಂಬ ಅಂಕಿಗಳೂ ಬದಲಾಗುತ್ತವೆ). ಅ 15, ಬ 27 ಎಂಬ ಯೋಜನೆಯಲ್ಲಿ ವೆಚ್ಚ 571, ಸಮಯ 590, ಅಪಾಯ 196, ತೃಪ್ತಿಗಳು 0.66, 0.75, 1. ಪೂರೈಕೆ ಕುಸಿದ ವಾರದಲ್ಲಿ ವೆಚ್ಚದ ತೃಪ್ತಿ 0.47ರಿಂದ 0.66ಕ್ಕೆ ಏರಿದೆ! ವರದಿಯನ್ನು ಮೇಲ್ಮೇಲೆ ನೋಡಿದವರು ಅಭಿನಂದನೆ ಹೇಳಿಯಾರು. ಆದರೆ ಸಾಗಿದ್ದು 94 ಪೆಟ್ಟಿಗೆ. ಒಂದು ಪೆಟ್ಟಿಗೆಯ ವೆಚ್ಚ 5.99ರಿಂದ 6.07ಕ್ಕೆ ಏರಿದೆ, ಅಪಾಯ 2.08ರಿಂದ 2.09ಕ್ಕೆ ಏರಿ ಹೆಚ್ಚುಕಡಿಮೆ ಅಲ್ಲೇ ಇದೆ. ನಿಜವಾಗಿ ಸುಧಾರಿಸಿದ್ದು ಸಮಯ ಮಾತ್ರ, 6.38 ಗಂಟೆಯಿಂದ 6.28ಕ್ಕೆ. 520, 670 ಎಂಬ ಅಂಕಿಗಳು ನೂರು ಪೆಟ್ಟಿಗೆಯ ವಾರಕ್ಕೆ ಹೇಳಿದ ಮಾತು. ಬೇರೆ ವಾರಕ್ಕೆ ಹಾಗೆಯೇ ಎತ್ತಿ ಇಡಲು ಬರುವುದಿಲ್ಲ.

ಪರಿಹಾರ ಎರಡು ಬಗೆಯದು. ಒಟ್ಟು ಸಾಗಣೆ ಮೊದಲೇ ಗೊತ್ತಿದ್ದರೆ ಗುರಿ, ಮಿತಿಗಳನ್ನು ಪೆಟ್ಟಿಗೆಗೆ ಇಷ್ಟು ಎಂದು ಬರೆದು 94ರಿಂದ ಗುಣಿಸಿದರೆ ಸಾಕು: ವೆಚ್ಚದ ಗುರಿ 488.8, ಮಿತಿ 629.8 ಆಗುತ್ತದೆ, 571ರ ತೃಪ್ತಿ 0.42ಕ್ಕೆ ಇಳಿಯುತ್ತದೆ. ಎಷ್ಟು ಪೆಟ್ಟಿಗೆ ಕಳುಹಿಸಬೇಕೆಂಬುದೂ ನಿರ್ಧಾರದ ಭಾಗವಾಗಿದ್ದರೆ ವೆಚ್ಚ ಮತ್ತು ಪೆಟ್ಟಿಗೆಗಳ ಅನುಪಾತವೇ ಗುರಿಯಾಗುತ್ತದೆ, ಗುರಿ ರೇಖೀಯವಾಗಿ ಉಳಿಯುವುದಿಲ್ಲ. ಆಗ ‘ಪೆಟ್ಟಿಗೆಗೆ 6.7 ಮೀರಬಾರದು’ ಎಂಬಂಥ ಮಿತಿಯನ್ನು ‘ವೆಚ್ಚ, ಪೆಟ್ಟಿಗೆಗಳ 6.7 ಪಟ್ಟನ್ನು ಮೀರಬಾರದು’ ಎಂದು ತಿರುಗಿಸಿ ಬರೆದು ರೇಖೀಯವಾಗಿಸಬಹುದು. ತೃಪ್ತಿಯ ಮಟ್ಟವನ್ನು ಮಾತ್ರ 0.40, 0.45, 0.50 ಎಂದು ಹೊರಗಿನಿಂದ ಹಿಡಿದು, ಪ್ರತಿಯೊಂದಕ್ಕೂ ಯೋಜನೆ ಸಿಗುತ್ತದೆಯೇ ಎಂದು ಪರೀಕ್ಷಿಸುತ್ತಾ ಹೋಗಬೇಕು.